ಕಾರು ಸೆಲ್ಫ್ ತಗೊಳ್ತಿಲ್ವಾ? ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಚಾರ್ಜಿಂಗ್ ನೋಡಿ

ಜೂನ್ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಗಾದರೆ ಕೇಳುವ ದೂರು ಇದು. ಕೀಲಿ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಎಂಜಿನ್ ತಿರುಗುವುದಿಲ್ಲ. "ಬ್ಯಾಟರಿ ಹೋಯ್ತು ಅನ್ಸುತ್ತೆ" ಅಂತ ಮನೆಯವರೇ ತೀರ್ಮಾನ ಮಾಡಿಬಿಡುತ್ತಾರೆ. ಮಧ್ಯಾಹ್ನದೊಳಗೆ ಹೊಸ ಬ್ಯಾಟರಿ ಕೂರುತ್ತದೆ. ಸ್ವಲ್ಪ ದಿನ ಎಲ್ಲ ಸರಿ. ಆಮೇಲೆ ಮತ್ತೆ ಅದೇ ಟಕ್ ಟಕ್.

ಬ್ಯಾಟರಿ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಕರೆಂಟು ಹುಟ್ಟಿಸುವುದು ಆಲ್ಟರ್ನೇಟರ್. ಅದನ್ನು ತಲುಪಿಸುವುದು ವೈರು, ಟರ್ಮಿನಲ್, ಅರ್ಥ್ (ಬ್ಯಾಟರಿಯ ನೆಗೆಟಿವನ್ನು ಬಾಡಿಗೆ, ಎಂಜಿನ್ನಿಗೆ ಸೇರಿಸುವ ವೈರು). ಗಾಡಿ ನಿಂತಾಗ ಅದನ್ನು ಕದ್ದು ತಿನ್ನುವುದು ಮ್ಯೂಸಿಕ್ ಸಿಸ್ಟಮ್ಮೋ ಜಿಪಿಎಸ್ಸೋ ಆಗಿರಬಹುದು. ಈ ನಾಲ್ಕರಲ್ಲಿ ತಪ್ಪು ಯಾರದ್ದು ಅಂತ ಅಳೆದು ನೋಡದೆ ದುಡ್ಡು ಬಿಚ್ಚಬಾರದು. ಅಳೆಯುವುದಕ್ಕೆ ಬೇಕಾದ್ದು ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೋಟದ ಮನೆಯಲ್ಲಿ ಇರುವವರು, ಪೇಟೆಯಿಂದ ದೂರ ಇರುವವರು ಇದನ್ನು ಇಟ್ಟುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ.

ಚಾರ್ಜಿಂಗ್ ನಡೆಯುವುದು ಹೇಗೆ

ಕಾರಿನ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ಚಾರ್ಜ್ ಆದ, ಸುಮ್ನೆ ಕೂತಿರುವ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ. ಅದಕ್ಕೆ ಕರೆಂಟು ತುಂಬಬೇಕಾದರೆ ಅದಕ್ಕಿಂತ ಜಾಸ್ತಿ ವೋಲ್ಟೇಜಿನಿಂದ ತಳ್ಳಬೇಕು. ಆಲ್ಟರ್ನೇಟರ್ ಮಾಡುವುದು ಅದನ್ನೇ. ಎಂಜಿನ್ ಓಡುವಾಗ 13.8ರಿಂದ 14.7 ವೋಲ್ಟ್ ಕೊಡುತ್ತದೆ.

ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಒಳಗೆ ತಿರುಗುವ ಭಾಗ ರೋಟರ್. ಅದರ ಸುರುಳಿಗೆ ಎರಡು ಕಾರ್ಬನ್ ಬ್ರಷ್ ಮೂಲಕ ಸಣ್ಣ ಕರೆಂಟು ಹೋಗಿ ಅದು ಅಯಸ್ಕಾಂತ ಆಗುತ್ತದೆ. ಈ ಅಯಸ್ಕಾಂತ ತಿರುಗಿದಾಗ ಸುತ್ತಲಿನ ಸ್ಟೇಟರ್ ಸುರುಳಿಗಳಲ್ಲಿ ತ್ರೀ ಫೇಸ್ ಎ.ಸಿ. ಕರೆಂಟು ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದ್ದು ಡಿ.ಸಿ. ಹಾಗಾಗಿ ಡಯೋಡುಗಳ ಪ್ಲೇಟು ಅದನ್ನು ಡಿ.ಸಿ. ಮಾಡಿ ಕಳಿಸುತ್ತದೆ. ಎಂಜಿನ್ ಜೋರಾಗಿ ಓಡಿದರೂ ವೋಲ್ಟೇಜ್ ಏರದ ಹಾಗೆ ರೋಟರಿನ ಕರೆಂಟನ್ನು ಹೆಚ್ಚುಕಡಿಮೆ ಮಾಡುವುದು ರೆಗ್ಯುಲೇಟರ್.

ಮೊದಲ ಕಿಡಿಯಷ್ಟು ಕರೆಂಟು ರೋಟರಿಗೆ ಬ್ಯಾಟರಿಯಿಂದಲೇ ಬರಬೇಕು. ಹಳೇ ಗಾಡಿಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪದ ಮೂಲಕವೇ ಬರುತ್ತದೆ. ಅಂಥ ಗಾಡಿಯಲ್ಲಿ ಆ ಪುಟ್ಟ ಬಲ್ಬ್ ಸುಟ್ಟುಹೋದರೆ ಆಲ್ಟರ್ನೇಟರ್ ಎಚ್ಚರ ಆಗದೇ ಇರಬಹುದು. ಅದಕ್ಕೇ ಕೀಲಿ ಆನ್ ಮಾಡಿದಾಗ ಕೆಂಪು ಬ್ಯಾಟರಿ ದೀಪ ಹತ್ತಬೇಕು, ಎಂಜಿನ್ ಓಡಿದ ಕೂಡಲೇ ಆರಬೇಕು. ಮೊದಲಿಗೇ ಹತ್ತದಿದ್ದರೂ ಅದು ದೋಷವೇ.

ಮಲೆನಾಡಿನಲ್ಲಿ ಈ ತೊಂದರೆ ಜಾಸ್ತಿ ಯಾಕೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಸುತ್ತಲಿನ ಊರುಗಳಲ್ಲೂ ನಾಲ್ಕು ತಿಂಗಳು ಗಾಳಿಯೇ ಒದ್ದೆ. ಟರ್ಮಿನಲ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟುತ್ತದೆ. ಕೆಂಪು ಕೆಸರು ಕೆಳಗಿನಿಂದ ಹಾರಿ ಅರ್ಥ್ ವೈರಿನ ಬೋಲ್ಟಿಗೆ ಮೆತ್ತಿಕೊಳ್ಳುತ್ತದೆ. ಒದ್ದೆ ಬೆಲ್ಟ್ ಜಾರುತ್ತದೆ. ಅಡಿಕೆ ಕೊಟ್ಟಿಗೆಯಲ್ಲಿ, ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬೆಚ್ಚಗಿರಲು ಇಲಿ ಸೇರಿಕೊಂಡು ವೈರು ಕಡಿಯುತ್ತದೆ.

ಓಡಿಸುವ ರೀತಿಯೂ ಕಾರಣ. ಮಳೆಯಲ್ಲಿ ರಾತ್ರಿ ಹೊರಟರೆ ಎರಡು ಹೆಡ್‌ಲೈಟಿಗೆ 9-10 ಆಂಪ್ ಬೇಕು. ಗಾಜಿನ ಮಂಜು ತೆಗೆಯಲು ಬ್ಲೋವರ್ ಜೋರಾಗಿ ಹಾಕಿದರೆ ಹತ್ತಿರ ಹತ್ತಿರ ಇನ್ನೊಂದು 10. ಹಿಂದಿನ ಗಾಜಿನ ಡಿಫಾಗರ್ 10ಕ್ಕೂ ಮೇಲೆ. ವೈಪರ್, ಫ್ಯುಯೆಲ್ ಪಂಪ್, ಎಂಜಿನ್ನಿನ ಎಲೆಕ್ಟ್ರಾನಿಕ್ಸ್ ಬೇರೆ. ಎಲ್ಲ ಕೂಡಿದರೆ 40 ಆಂಪ್ ಸಲೀಸಾಗಿ ದಾಟುತ್ತದೆ. ಸಣ್ಣ ಕಾರಿನ ಆಲ್ಟರ್ನೇಟರ್ 60ರಿಂದ 90 ಆಂಪಿನದು ನಿಜ. ಆದರೆ ಅಷ್ಟು ಸಿಗುವುದು ಎಂಜಿನ್ ವೇಗವಾಗಿ ಓಡುವಾಗ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತು, ನೀವು ಸಾಲಿನಲ್ಲಿ ಆಕ್ಸಲರೇಟರ್ ಒತ್ತದೆ, ಎಂಜಿನ್ ಮಾತ್ರ ಓಡುವ ಐಡಲಿಂಗ್‌ನಲ್ಲಿ ಕಾಯುತ್ತಿದ್ದರೆ ಅದರಲ್ಲಿ ಅರ್ಧದಷ್ಟು ಸಿಗಬಹುದು. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಎರಡೇ ಕಿಲೋಮೀಟರ್ ಓಡುವ ಗಾಡಿಗೆ ಅದು ವಾಪಸ್ ತುಂಬುವುದೇ ಇಲ್ಲ.

ಕೈ ಹಾಕುವ ಮುಂಚೆ

ಉಂಗುರ, ಕಡಗ, ವಾಚು ತೆಗೆದಿಡಿ. ಪಂಚೆ, ಶಾಲು, ವೇಲು, ಬಿಚ್ಚಿದ ಕೂದಲು ಓಡುವ ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ, ನೆನಪಿರಲಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಹತ್ತಿರ ಬೀಡಿ, ಲೈಟರ್ ಬೇಡ. ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ "ಗಾಡಿ ಆಫ್ ಆಗ್ಲಿಲ್ಲ, ಆಲ್ಟರ್ನೇಟರ್ ಸರಿ ಇದೆ" ಅನ್ನುವ ಹಳೇ ಪರೀಕ್ಷೆಯನ್ನು ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಜಿಗಿಯುತ್ತದೆ. ಆಲ್ಟರ್ನೇಟರಿನ ಡಯೋಡು, ಈಗಿನ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎರಡೂ ಸುಡಬಹುದು.

ಮೊದಲು ಕಣ್ಣು, ಕೈ

ಟರ್ಮಿನಲ್ ಮೇಲಿನ ಪ್ಲಾಸ್ಟಿಕ್ ಟೋಪಿ ಎತ್ತಿ ನೋಡಿ. ಮೇಲೆ ಚೊಕ್ಕಟ ಕಂಡರೂ ಕ್ಲಾಂಪಿನ ಬುಡದಲ್ಲಿ ಪುಡಿ ಇರಬಹುದು. ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲುಗಬಾರದು. ಪುಡಿ ಇದ್ದರೆ ಬಿಚ್ಚಿ, ಸೋಡಾಪುಡಿ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. ಒಣಗಿದ ಮೇಲೆ ಸ್ಯಾಂಡ್‌ಪೇಪರಲ್ಲಿ ಹೊಳೆಯುವ ಹಾಗೆ ಉಜ್ಜಿ ಬಿಗಿ ಮಾಡಿ. ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ತೊಳೆಯುವ ನೀರು ಸೆಲ್ಲಿನೊಳಗೆ ಹೋಗಬಾರದು.

ಮುಚ್ಚಳ ಬಿಚ್ಚುವ ಬ್ಯಾಟರಿ ಆದರೆ ನೀರಿನ ಮಟ್ಟ ನೋಡಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಹಂಚಿನಿಂದ ಇಳಿದ ಮಳೆನೀರು ಶುದ್ಧ ಅಂತ ಹಾಕುವವರಿದ್ದಾರೆ. ಅದರಲ್ಲಿ ಮಣ್ಣು, ಪಾಚಿ, ಕಬ್ಬಿಣದ ಅಂಶ ಎಲ್ಲ ಇರುತ್ತದೆ. ಬೇಡ.

ಎಂಜಿನ್ ಆಫ್ ಮಾಡಿ ಬೆಲ್ಟ್ ನೋಡಿ. ಬಿರುಕು, ಅಂಚು ಹರಿದದ್ದು, ಕನ್ನಡಿ ಹಾಗೆ ಮಿನುಗುವ ಒಳಮೈ, ಎಣ್ಣೆ ಪಸೆ ಇದ್ದರೆ ಬದಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಚ್ ಅಂತ ಕೂಗಿ ಆಮೇಲೆ ನಿಲ್ಲುವ ಸದ್ದು ಸಾಮಾನ್ಯವಾಗಿ ಬೆಲ್ಟಿನದು. ಎಂಜಿನ್ ವೇಗದ ಜೊತೆಗೆ ಏರಿಳಿಯುವ ಗುರ್ ಸದ್ದು ಆಲ್ಟರ್ನೇಟರ್ ಬೇರಿಂಗಿನದು ಆಗಿರಬಹುದು.

ಮೀಟರ್ ಹಿಡಿಯುವುದು

ಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಡಿ. ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಕಡ್ಡಿಯ ತುದಿಯನ್ನು ಕ್ಲಾಂಪಿನ ಮೇಲೆ ಅಲ್ಲ, ನಡುವಿನ ಸೀಸದ ಗೂಟದ ಮೇಲೇ ಇಡಿ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಅಳೆಯಿರಿ. 12.6 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಇಳಿದರೆ ಕಾಲು ಭಾಗ ಉಳಿದಿದೆ ಅಂತ ಲೆಕ್ಕ. ಕಡಿಮೆ ಇದ್ದ ಮಾತ್ರಕ್ಕೆ ಬ್ಯಾಟರಿ ಕೆಟ್ಟಿದೆ ಅಂತಲ್ಲ, ಹಸಿದಿದೆ ಅಷ್ಟೇ. ಚಾರ್ಜರ್ ಹಾಕಿ ತುಂಬಿಸಿದ ಮೇಲೇ ಮುಂದಿನ ಪರೀಕ್ಷೆ ಮಾಡಬೇಕು.

ಆಮೇಲೆ ಯಾರನ್ನಾದರೂ ಕೂರಿಸಿ ಸೆಲ್ಫ್ ಹೊಡೆಸಿ. ನೀವು ಮೀಟರ್ ನೋಡುತ್ತಿರಿ. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಪೂರ್ತಿ ತುಂಬಿದ ಬ್ಯಾಟರಿಯೂ 8ಕ್ಕೆ, 7ಕ್ಕೆ ಕುಸಿದರೆ ಅದರ ಕಾಲ ಮುಗಿದಿರುವ ಸಂಭವ ಜಾಸ್ತಿ. ಅಂಗಡಿಯ ಲೋಡ್ ಟೆಸ್ಟರಲ್ಲಿ ಒಮ್ಮೆ ಖಚಿತ ಮಾಡಿಕೊಂಡು ಬದಲಿಸಿ. ಬ್ಯಾಟರಿಯಲ್ಲಿ 12 ಇದ್ದ ಹಾಗೇ ಇದ್ದು ಸೆಲ್ಫ್ ಬರೀ ಟಕ್ ಅಂದರೆ ದೋಷ ಕೇಬಲ್, ಅರ್ಥ್ ಅಥವಾ ಸೆಲ್ಫ್ ಮೋಟರಿನ ಕಡೆ ಇದೆ.

ಗಾಡಿ ಸ್ಟಾರ್ಟ್ ಆದ ಮೇಲೆ ಐಡಲಿಂಗ್‌ನಲ್ಲಿ ಬ್ಯಾಟರಿ ಮೇಲೆ ಮತ್ತೆ ಅಳೆಯಿರಿ. 13.8ರಿಂದ 14.7ರ ಒಳಗೆ ಇರಬೇಕು. ಈಗ ಹೆಡ್‌ಲೈಟ್ ಹೈ ಬೀಮ್, ಬ್ಲೋವರ್, ಡಿಫಾಗರ್, ವೈಪರ್ ಎಲ್ಲ ಹಾಕಿ. ಆಕ್ಸಲರೇಟರ್ ಸ್ವಲ್ಪ ಒತ್ತಿ ಎಂಜಿನ್ನನ್ನು 2,000 ಆರ್‌ಪಿಎಂ ಹತ್ತಿರ ಹಿಡಿಯಿರಿ. ಆಗಲೂ 13.5ರ ಮೇಲೆ ನಿಂತರೆ ಚಾರ್ಜಿಂಗ್ ಚೆನ್ನಾಗಿದೆ. ಸ್ಟಾರ್ಟ್ ಮಾಡಿದರೂ 12.4, 12.3 ಅಂತ ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಇನ್ನೂ ಕೆಟ್ಟದ್ದು. ರೆಗ್ಯುಲೇಟರ್ ಹಿಡಿತ ತಪ್ಪಿದೆ ಅಂತ ಅರ್ಥ. ಬ್ಯಾಟರಿ ಕುದಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತವೆ. ಅಂಥ ಗಾಡಿಯನ್ನು ಓಡಿಸಬೇಡಿ.

ಈಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಇಸಿಯು ನಡೆಸುತ್ತದೆ. ಬ್ಯಾಟರಿ ತುಂಬಿದ್ದರೆ ಇಂಧನ ಉಳಿಸಲು ಬೇಕೆಂದೇ 12.8ರ ಹತ್ತಿರ ಇಳಿಸುತ್ತದೆ, ಬ್ರೇಕ್ ಒತ್ತಿದಾಗ ಏರಿಸುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ 14ಕ್ಕೆ ಏರಿದರೆ ಅದು ದೋಷವಲ್ಲ. ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕೂತಿದ್ದರೆ ನಿಮ್ಮದೂ ಅಂಥದ್ದೇ ಗಾಡಿ ಅಂದುಕೊಳ್ಳಿ. ಅದಕ್ಕೆ ಚಾರ್ಜರ್ ಹಾಕುವಾಗ ಕಪ್ಪು ಕ್ಲಿಪ್ಪನ್ನು ಸೆನ್ಸರ್ ಇರುವ ಟರ್ಮಿನಲ್ಲಿಗೆ ಹಾಕದೆ ಬಾಡಿಯ ಅರ್ಥ್ ಬೋಲ್ಟಿಗೆ ಹಾಕಬೇಕು.

ನಡುದಾರಿಯಲ್ಲಿ ಕಳೆದುಹೋಗುವ ವೋಲ್ಟ್

ಈ ಪರೀಕ್ಷೆಯನ್ನು ತುಂಬಾ ಜನ ಮಾಡುವುದೇ ಇಲ್ಲ. ಮಲೆನಾಡಿನ ಗಾಡಿಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ತೋಟದಲ್ಲಿ ಮೋಟರು ಚೆನ್ನಾಗಿ ನೀರು ಎತ್ತುತ್ತಿದ್ದರೂ ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಗಿಡದ ಬುಡಕ್ಕೆ ನೀರು ಬರುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಆಲ್ಟರ್ನೇಟರ್ 14.4 ಕೊಡುತ್ತಿದ್ದರೂ ಬ್ಯಾಟರಿಗೆ ಅಷ್ಟು ಮುಟ್ಟದೇ ಇರಬಹುದು.

ಹೊಸನಗರ ಕಡೆಯ ಪರಿಚಿತರೊಬ್ಬರ ಹಳೇ ಪೆಟ್ರೋಲ್ ಕಾರು ಹೀಗೇ ಕಾಡುತ್ತಿತ್ತು. ಬ್ಯಾಟರಿ ಬದಲಿಸಿ ಆಗಿತ್ತು. ಆಲ್ಟರ್ನೇಟರನ್ನೂ ಬದಲಿಸಬೇಕು ಅಂತ ಗ್ಯಾರೇಜಲ್ಲಿ ಹೇಳಿದ್ದರು. ಹೆಡ್‌ಲೈಟ್, ಬ್ಲೋವರ್ ಹಾಕಿ ಅಳೆದರೆ ಬ್ಯಾಟರಿ ಮೇಲೆ ಬರೀ 12.9. ಆದರೆ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂಬದಿಯ ದಪ್ಪ ವೈರಿನ ಬೋಲ್ಟಿಗೂ, ಕಪ್ಪು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಇಟ್ಟರೆ 14.4. ಹುಟ್ಟುವುದು ಸರಿಯಾಗಿಯೇ ಹುಟ್ಟುತ್ತಿದೆ. ಒಂದೂವರೆ ವೋಲ್ಟ್ ದಾರಿಯಲ್ಲಿ ಮಾಯ.

ಯಾವ ದಾರಿಯಲ್ಲಿ? ಆ ದಪ್ಪ ವೈರಿನ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ ಅಳೆದಾಗ 0.15. ಅದು ಸರಿ. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ 1.35! ಕಳ್ಳ ಅರ್ಥ್ ಕಡೆ ಇದ್ದ. ಕೆಳಗೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯ ಬೋಲ್ಟು ಕೆಸರಿನ ಗಟ್ಟಿ ಪದರದಡಿ ಮುಚ್ಚಿಹೋಗಿತ್ತು. ಬಿಚ್ಚಿದಾಗ ವಾಷರಿನ ಅಡಿ ಪೂರಾ ತುಕ್ಕು. ಪಟ್ಟಿಯ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಪಟ್ಟಿ ಹೊಸದು ಹಾಕಿ, ಬಾಡಿಯ ಲೋಹ ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿದ ಮೇಲೆ ಬ್ಯಾಟರಿಯಲ್ಲಿ 14.2 ಬಂತು. ಆಲ್ಟರ್ನೇಟರ್ ಹಳೆಯದೇ ಉಳಿಯಿತು.

ನೀವು ಅಳೆಯುವಾಗಲೂ ಎಂಜಿನ್ ಓಡುತ್ತಿರಬೇಕು, ಲೈಟು ಬ್ಲೋವರ್ ಹಾಕಿರಬೇಕು. ಕರೆಂಟು ಹರಿಯದಿದ್ದರೆ ನಷ್ಟ ಕಾಣುವುದಿಲ್ಲ. ಪಾಸಿಟಿವ್ ದಾರಿಯಲ್ಲಿ 0.3 ವೋಲ್ಟಿನ ಒಳಗೆ, ಅರ್ಥ್ ದಾರಿಯಲ್ಲಿ 0.2ರ ಒಳಗೆ ಇದ್ದರೆ ಚಿಂತೆ ಇಲ್ಲ. ಆ ದಪ್ಪ ವೈರಿನ ಬೋಲ್ಟು ಎಂಜಿನ್ ಆಫ್ ಇದ್ದಾಗಲೂ ಬ್ಯಾಟರಿಗೆ ನೇರ ಸೇರಿರುತ್ತದೆ. ಅಲ್ಲಿಗೂ ಬಾಡಿಗೂ ಒಟ್ಟಿಗೆ ಸ್ಪ್ಯಾನರ್ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ನೆಗೆಟಿವ್ ಟರ್ಮಿನಲ್ ಬಿಚ್ಚಿದ ಮೇಲೇ ಆ ಬೋಲ್ಟಿಗೆ ಕೈ ಹಾಕಿ.

ಆಲ್ಟರ್ನೇಟರೇ ಕೆಟ್ಟಿದ್ದರೆ

ಆ ಬೋಲ್ಟಿನಲ್ಲೇ 13ಕ್ಕಿಂತ ಕಡಿಮೆ ಇದ್ದರೆ, ಬೆಲ್ಟ್ ಬಿಗಿ ಇದ್ದರೆ, ಆಲ್ಟರ್ನೇಟರಿನ ಸಣ್ಣ ವೈರಿನ ಪ್ಲಗ್ಗು, ಫ್ಯೂಸು ಸರಿ ಇದ್ದರೆ ಆಗ ದೋಷ ಒಳಗಿದೆ. ಡಯೋಡ್ ಹೋಗಿದೆಯಾ ಅಂತ ನೋಡಲು ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಅಳೆಯಿರಿ. 0.1 ವೋಲ್ಟಿನ ಒಳಗೆ ಇರಬೇಕು. 0.5ರ ಹತ್ತಿರ ಬಂದರೆ ಡಯೋಡ್ ಮೇಲೆ ಅನುಮಾನ ಪಡಿ. ರೇಡಿಯೋದಲ್ಲಿ ಎಂಜಿನ್ ವೇಗದ ಜೊತೆ ಕುಯ್ ಅನ್ನುವ ಸದ್ದು, ರಾತ್ರಿ ನಿಂತ ಗಾಡಿಯ ಬ್ಯಾಟರಿ ಇಳಿಯುವುದು, ಇವೂ ಅದೇ ದೋಷದ ಗುರುತು. ತುಂಬಾ ಅಗ್ಗದ ಮೀಟರುಗಳು ಎ.ಸಿ. ಇಟ್ಟಾಗ ಡಿ.ಸಿ.ಯನ್ನೂ ಸೇರಿಸಿ ತೋರಿಸುತ್ತವೆ. ಎಂಜಿನ್ ಆಫ್ ಇದ್ದಾಗಲೂ ದೊಡ್ಡ ಅಂಕಿ ಬಂದರೆ ಆ ಮೀಟರನ್ನು ಈ ಪರೀಕ್ಷೆಗೆ ನಂಬಬೇಡಿ.

ಹಾಗಂತ ಇಡೀ ಆಲ್ಟರ್ನೇಟರ್ ಎಸೆಯಬೇಕಿಲ್ಲ. ಬ್ರಷ್, ಬೇರಿಂಗ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಎಷ್ಟೋ ಗಾಡಿಗಳಿಗೆ ಬಿಡಿಬಿಡಿಯಾಗಿ ಸಿಗುತ್ತವೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇರಲಿ, ತಾಲ್ಲೂಕು ಕೇಂದ್ರದ ಆಟೋ ಎಲೆಕ್ಟ್ರಿಕಲ್ ಅಂಗಡಿ ಇರಲಿ, ಬಿಚ್ಚಿ ರಿಪೇರಿ ಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ಸವೆದ ಬ್ರಷ್ ಬದಲಿಸಿದರೆ ಸಾಕಾಗುವ ಕಡೆ ಹೊಸದಕ್ಕೆ ಸಾವಿರಾರು ರೂಪಾಯಿ ಕೊಡುವುದು ಅನ್ಯಾಯ.

ನಿಂತಲ್ಲೇ ಇಳಿಯುವ ಬ್ಯಾಟರಿ

ಚಾರ್ಜಿಂಗ್ ಎಲ್ಲ ಸರಿ, ಆದರೆ ವಾರ ನಿಂತರೆ ಸ್ಟಾರ್ಟ್ ಇಲ್ಲ. ಹಾಗಿದ್ದರೆ ಸೋರಿಕೆ ಹುಡುಕಿ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿನ ತೂತಿಗೆ ಹಾಕಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಸೇರಿಸಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ, ಎಲೆಕ್ಟ್ರಾನಿಕ್ಸ್ ಮಲಗಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿನ ಒಳಗೆ ಬಂದರೆ ಸಾಮಾನ್ಯ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ದೋಷ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಕೆಲಸ ಆದ ಕೂಡಲೇ ಕಡ್ಡಿಯನ್ನು ವೋಲ್ಟಿನ ತೂತಿಗೆ ವಾಪಸ್ ಹಾಕಿ.

50 ಮಿಲಿಆಂಪ್ ಅಂದರೂ ದಿನಕ್ಕೆ 1.2 ಆಂಪ್ ಅವರ್. ಎರಡು ವಾರಕ್ಕೆ ಸುಮಾರು 17. ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿಯಲ್ಲಿ ಅದು ಅರ್ಧ. ಹಾಗಾಗಿ ಆಷಾಢದ ಮಳೆಗೆ ಕಾರು ಹೊರಗೆ ತೆಗೆಯದವರು ನೆಗೆಟಿವ್ ಬಿಚ್ಚಿಡಿ ಅಥವಾ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪ್ರಯೋಜನ ಇಲ್ಲ.

ಘಾಟಿಯಲ್ಲಿ ದೀಪ ಹತ್ತಿದರೆ

ಆಗುಂಬೆಯ 14 ತಿರುವುಗಳ ನಡುವೆಯೋ ಹುಲಿಕಲ್ ಘಾಟಿಯಲ್ಲೋ ಕೆಂಪು ಬ್ಯಾಟರಿ ದೀಪ ಹತ್ತಿತು ಅನ್ನಿ. ಮೊದಲು ಟೆಂಪರೇಚರ್ ನೋಡಿ. ಬೆಲ್ಟ್ ತುಂಡಾಗಿದ್ದರೆ ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪೂ ನಿಲ್ಲುತ್ತದೆ, ಎಂಜಿನ್ ಬಿಸಿಯೇರುತ್ತದೆ. ಸ್ಟೇರಿಂಗ್ ಭಾರ ಆಗಬಹುದು. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅಲ್ಲಿ ಬೆಲ್ಟ್ ಹೋದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಂಥ ಸಂದರ್ಭದಲ್ಲಿ ಒಂದು ತಿರುವೂ ಮುಂದೆ ಹೋಗಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಗೇರಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಬೆಲ್ಟ್ ಇದೆ, ಬಿಸಿ ಏರಿಲ್ಲ, ಬ್ರೇಕ್ ಸರಿ ಇದೆ ಅಂದರೆ ಬ್ಯಾಟರಿಯ ಮೇಲೆ ಸ್ವಲ್ಪ ದೂರ ಓಡಿಸಬಹುದು. ಎ.ಸಿ., ಬ್ಲೋವರ್, ಡಿಫಾಗರ್, ಹಾಡು ಎಲ್ಲ ಆಫ್ ಮಾಡಿ. ಕತ್ತಲು, ಮಂಜು ಇದ್ದರೆ ಹೆಡ್‌ಲೈಟ್ ಮಾತ್ರ ಇರಲಿ. ಎಂಜಿನ್ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗುವ ಖಾತ್ರಿ ಇಲ್ಲ. ತುಂಬಿದ, ಗಟ್ಟಿ ಬ್ಯಾಟರಿ ಇದ್ದರೆ ಹಗಲಲ್ಲಿ ಆಗುಂಬೆಯಿಂದ ಸುಮಾರು 30 ಕಿಲೋಮೀಟರ್ ದೂರದ ತೀರ್ಥಹಳ್ಳಿ ಮುಟ್ಟುವ ಸಾಧ್ಯತೆ ಇದೆ. ಮಳೆಯ ರಾತ್ರಿಯಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡಿ.

ನಮ್ಮಲ್ಲಿ ಇಳಿಜಾರಲ್ಲಿ ಕಾರು ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಗೇರಿಗೆ ಹಾಕುವ ರೂಢಿ ಇದೆ. ಮ್ಯಾನುಯಲ್ ಗೇರಿನ ಗಾಡಿಗೆ ತುರ್ತಿಗೆ ಅದು ಆಗುತ್ತದೆ. ಆದರೆ ಕೀಲಿ ಆನ್ ಇರಲೇಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಸಾಲದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಫ್ಯುಯೆಲ್ ಪಂಪಿಗೂ ಕರೆಂಟಿಲ್ಲ, ಎಷ್ಟು ತಳ್ಳಿದರೂ ಹಿಡಿಯುವುದಿಲ್ಲ. ಅದಕ್ಕಿಂತ ಜಂಪರ್ ಕೇಬಲ್ ಮೇಲು. ಕೆಂಪನ್ನು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿ. ಕಪ್ಪನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿಯನ್ನು ಕೆಟ್ಟ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ. ಬಿಚ್ಚುವಾಗ ಇದರ ಉಲ್ಟಾ. ಸ್ಟಾರ್ಟ್ ಆದ ಮೇಲೂ ಮನೆಗೆ ಬಂದು ಚಾರ್ಜರ್ ಹಾಕಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬುವ ಕೆಲಸ ಆಲ್ಟರ್ನೇಟರಿಗೆ ಹೊರೆ, ಬಿಸಿಯಾಗಿ ಅದೂ ಕೆಡಬಹುದು.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವಾಗ ಆರು ಅಂಕಿ ಬರೆದುಕೊಂಡು ಹೋಗಿ: ರಾತ್ರಿ ನಿಂತ ಮೇಲಿನ ವೋಲ್ಟ್, ಸೆಲ್ಫ್ ಹೊಡೆದಾಗಿನದು, ಐಡಲಿಂಗಿನದು, ಲೈಟು, ಬ್ಲೋವರ್ ಎಲ್ಲ ಹಾಕಿ 2,000 ಆರ್‌ಪಿಎಂಗೆ ಹಿಡಿದಾಗಿನದು, ಮತ್ತು ಪಾಸಿಟಿವ್, ಅರ್ಥ್ ದಾರಿಗಳ ನಷ್ಟ. "ಅಣ್ಣಾ, ಇಷ್ಟು ಬಂದಿದೆ, ಒಮ್ಮೆ ನೋಡಿ" ಅಂದರೆ ಒಳ್ಳೆಯ ಕೆಲಸಗಾರ ಅಲ್ಲಿಂದಲೇ ಮುಂದುವರಿಸುತ್ತಾನೆ. ಬಿಚ್ಚಿದ ಹಳೇ ಸಾಮಾನು ತೋರಿಸಲು ಹೇಳಿ. ದುಡ್ಡು ಕೊಡುವ ಮುಂಚೆ ಹೆಡ್‌ಲೈಟ್, ಬ್ಲೋವರ್ ಹಾಕಿಸಿ ಅವನ ಎದುರಿಗೇ ಬ್ಯಾಟರಿ ಮೇಲೆ ಇನ್ನೊಮ್ಮೆ ಮೀಟರ್ ಇಡಿ.